ನಗುರು ಏರಿನಲ್ಲಿ ನಿಂತ ಕಾರು

ಎತ್ತಿ ನಿಲ್ಲಿಸಿದ್ದ ಬಾನೆಟ್ಟಿನ ಹಿಂದಿನಿಂದ ತಲೆ ಎತ್ತಿದವನನ್ನು ನೋಡಿ ಕಬೊನೆಸಾ ನಿಂತಲ್ಲೇ ನಿಂತಳು.

ಕಿಸೆಂಬೊ...

ಎರಡು ವರ್ಷದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಕೈಗೆ ಮೆತ್ತಿದ್ದ ಎಣ್ಣೆಯನ್ನು ಹಳೇ ಬಟ್ಟೆಗೆ ಒರೆಸುತ್ತಿದ್ದವನು ಅವಳನ್ನು ಕಂಡು ಒರೆಸುವುದನ್ನೇ ಮರೆತ.

ಕಂಪಾಲಾದ ನಕಾವದಲ್ಲಿದ್ದ ಆ ಅಂಗಳದ ತುಂಬ ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಕಾರುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿದ್ದವು. ಆಕಾಶ ಬೆಳಗಿನಿಂದಲೇ ಮಂಕಾಗಿತ್ತು. ಮಳೆಯೂ ಬರುತ್ತಿರಲಿಲ್ಲ, ಬಿಸಿಲೂ ಬೀಳುತ್ತಿರಲಿಲ್ಲ.

ಕಬೊನೆಸಾ ಪಕ್ಕದಲ್ಲಿದ್ದ ತಮ್ಮನ ಕಡೆ ತಿರುಗಿದಳು.

"ಬಗುಮಾ, ಇವರು ಯಾಕೆ ಇಲ್ಲಿ?"

"ಗೇರ್‌ಬಾಕ್ಸ್ ಗೊತ್ತಿರೋರನ್ನ ಕರೆಸ್ತೀನಿ ಅಂದಿದ್ನಲ್ಲ, ಅಕ್ಕ."

"ಇಡೀ ಕಂಪಾಲಾದಲ್ಲಿ ನಿನಗೆ ಇನ್ನೊಬ್ಬರು ಸಿಗಲಿಲ್ವಾ?"

"ಸಿಗ್ತಾರೆ. ಆದರೆ ದಲ್ಲಾಳಿ ಹತ್ತಿರ ಕಮಿಷನ್ ತಗೊಂಡು ನಿನಗೆ ಸುಳ್ಳು ಹೇಳದೇ ಇರೋರು ಸಿಗಲ್ಲ. ಭಾವ ಈಗ ಇಲ್ಲಿನ ಕಾಲೇಜಲ್ಲಿ ಹುಡುಗರಿಗೆ ಕಲಿಸೋದೇ ಈ ಗೇರ್‌ಬಾಕ್ಸ್ ವಿಷಯ. ಅವರ ಮೇಲೆ ಸಿಟ್ಟಿದ್ರೆ ಇರಲಿ. ಕಾರು ನೋಡಿಸೋಕೆ ಏನು ತೊಂದರೆ?"

ಭಾವನಂತೆ. ಇನ್ನೂ ಭಾವನೇ ಇವನಿಗೆ!

ಹೊರಟುಬಿಡಬೇಕು ಅನ್ನಿಸಿತು ಅವಳಿಗೆ. ಆದರೆ ಅಷ್ಟರಲ್ಲಿ ಕಿಸೆಂಬೊ ಹತ್ತಿರ ಬಂದಿದ್ದ.

"ಹೇಗಿದ್ದೀಯ, ಅಮೂಟಿ?"

ತೂರೋ ನಾಡಿನಲ್ಲಿ ಹುಟ್ಟಿದವರು ಎಷ್ಟೇ ಮುನಿಸಿದ್ದರೂ ಅಮೂಟಿ, ಅರಾಲಿ ಎಂಬಂಥ ಮುದ್ದಿನ ಹೆಸರು ಹಿಡಿದೇ ಮಾತಾಡಿಸಬೇಕು. ಹಾಗೆ ಕರೆದಾಗ ಓಗೊಡದಿದ್ದರೆ ಹೆತ್ತವರು ಏನು ಕಲಿಸಿದರು ಎಂದು ಜನ ಕೇಳುತ್ತಾರೆ.

"ಚೆನ್ನಾಗಿದ್ದೀನಿ, ಅರಾಲಿ. ನೀವು?"

ಹತ್ತು ವರ್ಷ ಜೊತೆಗೆ ಬಾಳಿದವಳ ಬಾಯಲ್ಲಿ 'ನೀವು' ಎಂಬ ಮಾತು ಕೇಳಿ ಕಿಸೆಂಬೊ ಕಣ್ಣು ಕೆಳಗೆ ಹಾಕಿದ.

ಅಂಗಡಿ ತೆರೆಯಬೇಕು ಎಂದು ನೆಪ ಹೇಳಿ ಬಗುಮ ಜಾರಿಕೊಂಡ. ಅವನು ಹೋದ ಮೇಲೆ ಇಬ್ಬರ ನಡುವೆ ಮಾತಿಗೆ ಕಾರು ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾವ ಕೆಲಸಕ್ಕೆ ಬೇಕು ಗಾಡಿ?"

"ರುವೆಂಜೊರಿ ಬೆಟ್ಟದ ಬುಡದಲ್ಲಿ ಒಂದು ಶಾಲೆ. ಹೆಡ್ ಮಿಸ್ ಆಗಿ ಹೋಗ್ತಿದ್ದೀನಿ. ಮಕ್ಕಳು ಅಲ್ಲೇ ಉಳಿದು ಓದ್ತಾರೆ. ಆಸ್ಪತ್ರೆ ದೂರ, ರಸ್ತೆ ಪೂರ್ತಿ ಏರು ಇಳಿವು." ಅವಳು ಎಲ್ಲೋ ನೋಡುತ್ತಾ ಹೇಳಿದಳು. "ಯಾವ ಮಗುಗಾದ್ರೂ ಹುಷಾರು ತಪ್ಪಿದ್ರೆ ನಾನೇ ಕರ್ಕೊಂಡು ಹೋಗಬೇಕು. ಕ್ಲಚ್ ಇರೋ ಗಾಡಿ ಬೇಡ."

ಅವನು ಎಣ್ಣೆಯ ಬಟ್ಟೆಯನ್ನು ಮಡಿಚಿ ಮಡಿಚಿ ಜೇಬಿಗೆ ತುರುಕಿದ.

"ಹಾಗಾದ್ರೆ ಇಲ್ಲಿರೋ ಸಣ್ಣ ಕಾರೆಲ್ಲ ಸಿವಿಟಿನೇ," ಎಂದ ಕೊನೆಗೆ. "ಗೇರು ಬದಲಾಯಿಸೋದು ಅಂತಿಲ್ಲ. ಒಳಗೆ ಎರಡು ರಾಟೆ, ನಡುವೆ ಉಕ್ಕಿನ ಪಟ್ಟಿ..."

"ಗೊತ್ತು. ಓದಿಕೊಂಡೇ ಬಂದಿದ್ದೀನಿ. ರಾಟೆ ಹಿಗ್ಗುತ್ತೆ, ಕುಗ್ಗುತ್ತೆ. ಎಣ್ಣೆ ಅದಕ್ಕೆ ಅಂತ ಇರೋದನ್ನೇ ಹಾಕಬೇಕು. ಹಳೇ ಗಾಡೀಲಿ ಪಟ್ಟಿ ಸವೆದಿರಬಹುದು."

"ಹೌದು. ಸವೆದಿದ್ರೂ ತಣ್ಣಗಿದ್ದಾಗ ಗೊತ್ತಾಗಲ್ಲ. ಬಿಸಿಯಾದ ಮೇಲೆ, ಏರಿನಲ್ಲಿ ಕೈ ಕೊಡುತ್ತೆ. ಅದಕ್ಕೆ ಹೊತ್ತು ಹಿಡಿಯುತ್ತೆ, ಅಮೂಟಿ. ಅವಸರ ಮಾಡಬೇಡ."

ದಲ್ಲಾಳಿ ಸಾಲಿ ಓಡಿ ಬಂದ. ಹೊಟ್ಟೆಯ ಮೇಲೆ ಕಾರಿನ ಕೀಗಳ ದೊಡ್ಡ ಗೊಂಚಲು ನೇತುಹಾಕಿಕೊಂಡ ಮನುಷ್ಯ.

"ಬನ್ನಿ ನ್ಯಾಬೋ, ಬನ್ನಿ ಅಮ್ಮಾ, ಈ ಬೆಳ್ಳಿ ಬಣ್ಣದ್ದು ನೋಡಿ. ಜಪಾನಿನಲ್ಲಿ ಒಬ್ಬಳು ಅಜ್ಜಿ ಭಾನುವಾರ ಮಾತ್ರ ಹೊರಗೆ ತೆಗೀತಿದ್ದಳಂತೆ."

"ಆಚೆ ಅಂಗಡಿಯವನೂ ಅದೇ ಅಜ್ಜಿ ಕತೆ ಹೇಳಿದ," ಕಬೊನೆಸಾ ಅಂದಳು. "ಪಾಪ, ಎಷ್ಟು ಕಾರು ಓಡಿಸಿದ್ದಾಳೆ ಆ ಮುದುಕಿ."

ಸಾಲಿ ನಕ್ಕ. ಕಿಸೆಂಬೊನ ತುಟಿಯ ತುದಿಯಲ್ಲೂ ನಗು ಬಂದು ಹೋಯಿತು. ಅದನ್ನು ಕಂಡು ಅವಳು ಮುಖ ತಿರುಗಿಸಿಕೊಂಡಳು.

ಬೆಳ್ಳಿ ಬಣ್ಣದ್ದು ಹೊರಡುವಾಗಲೇ ಚಳಿ ಹಿಡಿದವರಂತೆ ಗಡಗಡ ನಡುಗಿತು. ಇನ್ನೊಂದರ ಗೇರ್‌ಬಾಕ್ಸ್ ಎಣ್ಣೆ ಕಪ್ಪಗೆ, ಸೀದ ವಾಸನೆ. ಮತ್ತೊಂದು ಹಿಂದಕ್ಕೆ ಹಾಕಿದರೆ ಯೋಚನೆ ಮಾಡಿ ಮಾಡಿ ಹೊರಟಿತು. ಕಿಸೆಂಬೊ ಒಂದೊಂದನ್ನೂ ನೋಡಿ ತಲೆ ಅಲ್ಲಾಡಿಸುತ್ತಾ ಬಂದ.

ಅವಳ ಮನಸ್ಸಿನಲ್ಲಿ ಅನುಮಾನ ಶುರುವಾಯಿತು.

'ಇವನಿಗೆ ಯಾವುದೂ ಒಪ್ಪಿಗೆಯಾಗುತ್ತಿಲ್ಲ... ಕಾರಿನ ತಪ್ಪೋ, ನಾನು ಓಡಿಸುವುದೇ ಇವನಿಗೆ ಇಷ್ಟವಿಲ್ಲವೋ?'

ಕೊನೆಗೆ ಒಂದು ನೀಲಿ ಕಾರು ಸರಿಯಾಗಿದೆ ಎಂದು ಕಂಡಿತು. ಎಣ್ಣೆ ಚೆನ್ನಾಗಿತ್ತು, ಹೊರಡುವಾಗ ನಡುಕವಿಲ್ಲ. ಕಬೊನೆಸಾಗೆ ಅದರ ಬಣ್ಣವೂ ಹಿಡಿಸಿತು.

"ನೀನೇ ಓಡಿಸು," ಎಂದು ಕಿಸೆಂಬೊ ಪಕ್ಕದ ಸೀಟಿನಲ್ಲಿ ಕುಳಿತ.

ಬುಕೋಟೊ, ನ್ಟಿಂಡಾ ಎಂದು ಸುತ್ತಿಸಿದ. ಟ್ರಾಫಿಕ್ಕಿನಲ್ಲಿ ನಿಲ್ಲಿಸು ಎಂದ, ಹೊರಡು ಎಂದ. ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ಹೋದ ವರ್ಷ ಒಬ್ಬ ಹೆಂಗಸಿನ ಹತ್ತಿರ ಹೋಗಿ, ಕ್ಲಚ್ ಇಲ್ಲದ ಗಾಡಿಯಲ್ಲಿ ಕಲಿತಿದ್ದಳು. ಆ ಹೆಂಗಸು ಒಮ್ಮೆಯೂ ದನಿ ಏರಿಸಿರಲಿಲ್ಲ.

ಪಕ್ಕದಲ್ಲಿರುವ ಇವನು ದನಿ ಏರಿಸಿದ್ದ.

ಆಗ ಫೋರ್ಟ್ ಪೋರ್ಟಲ್ ಊರಿನ ಅಂಚಿನಲ್ಲಿ ಅವರ ಮನೆ ಇತ್ತು. ಮನೆಯ ಮುಂದೆ ಕಡಿದಾದ ಮಣ್ಣಿನ ದಾರಿ. ಅವನು ಕಾರು ಕಲಿಸುವಾಗ ಆ ಏರಿನಲ್ಲಿ ಅವಳು ಕ್ಲಚ್ ಬಿಟ್ಟಾಗಲೆಲ್ಲ ಕಾರು ಜಿಗಿದು ಸತ್ತುಹೋಗುತ್ತಿತ್ತು. "ಎಷ್ಟು ಸಲ ಹೇಳೋದು ನಿನಗೆ? ಕಾಲಲ್ಲಿ ಜೀವ ಇಲ್ವಾ?" ಎಂದು ಅವನು ಕೂಗಿದ್ದ. ಬೇಲಿಯಾಚೆ ಪಕ್ಕದ ಮನೆಯವರು ನಕ್ಕಿದ್ದರು. ಅವಳು ಇಳಿದು ಒಳಗೆ ಹೋಗಿದ್ದಳು. ಮತ್ತೆ ಸ್ಟೀರಿಂಗ್ ಮುಟ್ಟಿರಲಿಲ್ಲ.

ಆ ಮಧ್ಯಾಹ್ನದವರೆಗೆ...

ಆರು ವರ್ಷದ ಮಗಳು ಅಕೀಕಿಗೆ ಮಲೇರಿಯಾ ತಲೆಗೇರಿ ಮೈ ಸೆಟೆದುಕೊಂಡಿತ್ತು. ಕಿಸೆಂಬೊ ಕಾಲೇಜಿನವರ ಜೊತೆ ಬಸ್ಸಿನಲ್ಲಿ ಎಂಬರಾರಾ ಊರಿಗೆ ಹೋಗಿದ್ದ. ಕಾರು ಅಂಗಳದಲ್ಲೇ ಇತ್ತು. ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅವಳು ಕೀ ತಿರುಗಿಸಿದ್ದಳು. ಕಾರು ಜಿಗಿಯಿತು, ಸತ್ತಿತು. ಜಿಗಿಯಿತು, ಸತ್ತಿತು. ಕೊನೆಗೆ ಹಿಂದಕ್ಕೆ ಜಾರಿ ಚರಂಡಿಗೆ ಬಿತ್ತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮಳೆಯಲ್ಲಿ ರಸ್ತೆಗೆ ಓಡಿದಳು. ಬಾಡಿಗೆ ಬೈಕು ಸಿಗಲು ಎಷ್ಟು ಹೊತ್ತಾಯಿತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸುದ್ದಿ ತಿಳಿದು ಆಸ್ಪತ್ರೆಗೆ ಓಡಿ ಬಂದ ಕಿಸೆಂಬೊ ಕೇಳಿದ ಮೊದಲ ಮಾತು ಒಂದೇ.

"ಕಾರು ಮನೇಲೇ ಇತ್ತಲ್ಲ?"

ಮರುದಿನ ಬೆಳಕು ಹರಿಯುವಷ್ಟರಲ್ಲಿ ಅಕೀಕಿ ಇರಲಿಲ್ಲ.

ಆಮೇಲೆ ಅವನು ಮಾತೇ ನಿಲ್ಲಿಸಿಬಿಟ್ಟ. ಮಗಳ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಸೂತಕ ಕಳೆದ ಮೇಲೆ ಕಬೊನೆಸಾ ತವರಿಗೆ ಹೋದಳು. ಹಾಗೆ ಹೋದ ಹೆಂಡತಿಯನ್ನು ಕರೆಯಲು ಗಂಡ ಮೇಕೆ, ಬಾಳೆಹಣ್ಣಿನ ಬೀರು ಹಿಡಿದು ಬರಬೇಕು. ಅವನು ಬರಲಿಲ್ಲ. ಅವಳೂ ಕಾಯುವುದನ್ನು ಬಿಟ್ಟಳು.

"ಇಲ್ಲಿ ಎಡಕ್ಕೆ ತಗೋ," ಕಿಸೆಂಬೊನ ದನಿ ಅವಳನ್ನು ಎಚ್ಚರಿಸಿತು.

ಎಡಕ್ಕೆ ನಗುರು ಗುಡ್ಡದ ಏರು. ಕಾರು ಹತ್ತತೊಡಗಿತು. ಅರ್ಧ ದಾರಿಯಲ್ಲಿ ಅವನು ಅಂದ:

"ನಿಲ್ಲಿಸು."

"ಇಲ್ಲೇನಾ? ಏರಿನಲ್ಲೇನಾ?"

"ಹೂಂ. ಪೂರ್ತಿ ನಿಲ್ಲಿಸಿ ಮತ್ತೆ ಹೊರಡು."

ಅವಳು ನಿಲ್ಲಿಸಿದಳು. ಅಂಥದೇ ಏರು, ಪಕ್ಕದಲ್ಲಿ ಅದೇ ಮನುಷ್ಯ. ಹಿಂದೆ ಬೈಕೊಂದು ಹಾರ್ನ್ ಬಾರಿಸುತ್ತಿತ್ತು.

ಬ್ರೇಕಿನಿಂದ ಕಾಲು ತೆಗೆದು ಎಕ್ಸಿಲರೇಟರ್ ಒತ್ತಿದಳು.

ಇಂಜಿನ್ ಕಿರುಚಿತು. ಕಾರು ಮುಂದೆ ಹೋಗಲಿಲ್ಲ. ಇನ್ನೂ ಒತ್ತಿದಳು. ಕಿರುಚಾಟ ಜೋರಾಯಿತು. ಕಾರು ಒಮ್ಮೆ ನಡುಗಿ ಹಿಂದಕ್ಕೆ ಜಾರತೊಡಗಿತು.

'ಮತ್ತೆ ನಾನೇ... ಮತ್ತೆ ನನ್ನ ಕೈಯಲ್ಲೇ...'

ಕಿಸೆಂಬೊ ತಟ್ಟನೆ ಹ್ಯಾಂಡ್‌ಬ್ರೇಕ್ ಎಳೆದ. ಕಾರು ನಿಂತಿತು. ಕಬೊನೆಸಾ ಬಾಗಿಲು ತೆರೆದು ಇಳಿದುಬಿಟ್ಟಳು. ಬಾಗಿಲನ್ನೂ ಹಾಕದೆ ರಸ್ತೆಯ ಬದಿಯ ಮೋಟುಗೋಡೆಯ ಹತ್ತಿರ ಹೋಗಿ ನಿಂತಳು.

ಅವನು ಚಕ್ರದ ಹಿಂದೆ ಕಲ್ಲು ಕೊಟ್ಟು ಅವಳ ಹಿಂದೆ ಬಂದ.

"ಅಮೂಟಿ..."

"ಸಮಾಧಾನ ಆಯ್ತಾ?" ಅವಳು ತಿರುಗಿದಳು. "ಅದಕ್ಕೇ ತಾನೆ ಇಲ್ಲಿವರೆಗೂ ಕರ್ಕೊಂಡು ಬಂದಿದ್ದು? ಇವಳ ಕೈಲಿ ಇವತ್ತಿಗೂ ಆಗಲ್ಲ ಅಂತ ನೋಡ್ಬೇಕಿತ್ತು ನಿನಗೆ. ನೋಡ್ದೆ ಅಲ್ವಾ? ಹೋಗು ಇನ್ನು."

"ನಿನ್ನದೇನೂ ತಪ್ಪಿಲ್ಲ. ಒಳಗೆ ಪಟ್ಟಿ ಜಾರ್ತಿದೆ. ಬಿಸಿಯಾದ ಮೇಲೆ ಹಿಡಿತ ಬಿಡ್ತು. ಯಾರು ಓಡಿಸಿದ್ರೂ ಹೀಗೇ ಆಗೋದು. ಇಂಥ ಗಾಡಿ ನಿನಗೆ ಕೊಡಿಸಬಾರದು ಅಂತಾನೇ ಇಲ್ಲಿ ನಿಲ್ಲಿಸು ಅಂದೆ."

"ಸುಳ್ಳು."

"ಸುಳ್ಳಲ್ಲ. ನಾನು ಓಡಿಸಿ ತೋರಿಸ್ಲಾ?"

ಅವನು ಹೋಗಿ ಕುಳಿತ, ಕಲ್ಲು ಇದ್ದ ಹಾಗೇ ಕಾರು ಹೊರಡಿಸಲು ನೋಡಿದ. ಅದೇ ಕಿರುಚಾಟ, ಅದೇ ನಡುಕ. ಕಾರು ಗೇಣಷ್ಟೂ ಮೇಲೆ ಹೋಗಲಿಲ್ಲ.

ಹಾರ್ನ್ ಬಾರಿಸುತ್ತಿದ್ದ ಬೈಕಿನವನು ಪಕ್ಕದಲ್ಲಿ ದಾಟುತ್ತಾ, "ಸೆಬೋ, ಸ್ವಾಮೀ, ಹೆಂಡ್ತಿ ಜೊತೆ ಜಗಳ ಮನೇಲಿ ಮಾಡಿ, ರಸ್ತೆ ಬಿಡಿ," ಎಂದು ಗೊಣಗಿ ಹೋದ.

ಕಿಸೆಂಬೊ ಇಳಿದು ಬಂದ. ಅವಳಿಂದ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ನಿಂತ.

"ಅವತ್ತೂ ನಿನ್ನ ತಪ್ಪಿರಲಿಲ್ಲ."

ಅವಳು ಬೆಚ್ಚಿದಳು.

"ಅವತ್ತಿನ ಮಾತು ಎತ್ತಬೇಡ."

"ಎತ್ತಬೇಕು. ಎರಡು ವರ್ಷ ಎತ್ತದೇ ಇದ್ದೆ."

"ಆಸ್ಪತ್ರೇಲಿ ಏನು ಕೇಳ್ದೆ ನೆನಪಿದೆಯಾ ನಿನಗೆ?" ಅವಳ ದನಿ ಒಡೆಯಿತು. "ಮಗು ಉಸಿರಿಗೆ ಒದ್ದಾಡ್ತಿತ್ತು. ನೀನು ಕಾರಿನ ವಿಚಾರ ಕೇಳಿದೆ. ಕಾರು ಮನೇಲೇ ಇತ್ತಲ್ಲ ಅಂದೆ. ಅವಳು ಸತ್ತಿದ್ದು ನನ್ನಿಂದ ಅಂತ ನೇರವಾಗೇ ಹೇಳಬಹುದಿತ್ತಲ್ಲ?"

"ಕೇಳಿದ್ದು ನಿಜ. ಗಾಬರೀಲಿ ಬಾಯಿಗೆ ಬಂದಿದ್ದು ಕೇಳಿದೆ." ಅವನು ರಸ್ತೆಯನ್ನೇ ನೋಡುತ್ತಿದ್ದ. "ಅವಳನ್ನ ಮಣ್ಣು ಮಾಡಿ ಮನೆಗೆ ಹೋದಾಗ ಕಾರು ನೋಡ್ದೆ, ಅಮೂಟಿ. ಚರಂಡೀಲಿತ್ತು. ಕೀ ಹಾಗೇ ಇತ್ತು. ಮಣ್ಣಲ್ಲಿ ಚಕ್ರದ ಗುರುತು... ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ನೀನು ಎಷ್ಟು ಒದ್ದಾಡಿದ್ದೀಯ ಅಂತ ಆಗ ಗೊತ್ತಾಯ್ತು ನನಗೆ."

ಅವಳು ನಿಂತ ಕಾರಿನ ಚಕ್ರದ ಕಡೆ ನೋಡಿದಳು.

"ಅದೇ ಜಾಗದಲ್ಲಿ ಅಲ್ವಾ ನಾನು ನಿನ್ನ ಮೇಲೆ ಕೂಗಾಡಿದ್ದು? ಎಲ್ಲರೂ ನಗೋ ಹಾಗೆ. ನಾನು ನಿಧಾನವಾಗಿ ಕಲಿಸಿದ್ರೆ ಅವತ್ತು ನೀನು ಹೋಗಿಬಿಡ್ತಿದ್ದೆ. ಮಗು ಉಳೀತಿತ್ತೋ ಏನೋ. ನಿನ್ನ ಮುಖ ನೋಡಿದಾಗಲೆಲ್ಲ ಅದೇ ನೆನಪಾಗೋದು. ಮಾತಾಡೋಕೆ ಆಗ್ತಿರಲಿಲ್ಲ."

"ನಾನು... ನೀನು ನನ್ನ ಮೇಲೆ ಹೇಸಿಗೆಪಟ್ಟು ಮಾತು ಬಿಟ್ಟೆ ಅಂದ್ಕೊಂಡೆ."

"ನಿನ್ನ ಮೇಲಾ?"

"ಹಾಗಾದ್ರೆ ಕರೆಯೋಕೆ ಯಾಕೆ ಬರಲಿಲ್ಲ? ಅಮ್ಮ ಎಷ್ಟು ದಿನ ದಾರಿ ನೋಡಿದ್ಲು ಗೊತ್ತಾ?"

"ಯಾವ ಮುಖ ಇಟ್ಕೊಂಡು ಬರಲಿ? ನನ್ನ ಕಂಡರೆ ನಿನಗೆ ಮಗು ನೆನಪಾಗುತ್ತೆ, ನನ್ನ ಬೈಗುಳ ನೆನಪಾಗುತ್ತೆ. ದೂರ ಇದ್ರೆ ನೀನು ಸ್ವಲ್ಪ ಸುಖವಾಗಿರ್ತೀಯ ಅಂತ..."

"ಸುಖ." ಅವಳು ಆ ಮಾತನ್ನು ಉಗುಳಿದಂತೆ ಹೇಳಿದಳು. "ಅವಳ ಹೆಸರೂ ಎತ್ತಲಿಲ್ಲ ನೀನು. ಮನೇಲಿ ಒಂದು ಮಗು ಇದ್ದದ್ದೇ ಸುಳ್ಳು ಅನ್ನೋ ಹಾಗೆ. ನಾನೊಬ್ಬಳೇ ಅತ್ತೆ, ಅರಾಲಿ. ಇಬ್ಬರೂ ಕೂತು ಅಳಬೇಕಿತ್ತು."

ಕಿಸೆಂಬೊ ಅವಳ ಕಡೆ ತಿರುಗಿದ.

"ಅಕೀಕಿ," ಎಂದ. ಆ ಹೆಸರು ಹೊರಗೆ ಬಂದದ್ದೇ ತಡ, ಅವನ ಮುಖ ಕುಸಿಯಿತು. "ನನ್ನ ಅಕೀಕಿ..."

ಅವನು ಗೋಡೆಗೆ ಹಣೆಯಿಟ್ಟು ಅತ್ತ. ಹಗಲು ಹೊತ್ತಿನಲ್ಲಿ, ಜನ ಓಡಾಡುವ ರಸ್ತೆಯಲ್ಲಿ. ಕಬೊನೆಸಾ ನೋಡುತ್ತಾ ನಿಂತಳು. ಅವನನ್ನು ಸಮಾಧಾನ ಮಾಡಬೇಕೆಂದು ಅವಳಿಗೆ ಮೊದಲು ಅನ್ನಿಸಲಿಲ್ಲ. ಅಳಲಿ ಅನ್ನಿಸಿತು. ಆಮೇಲೆ ಅವಳ ಕಾಲುಗಳೇ ಅವಳನ್ನು ಅವನ ಹತ್ತಿರ ಕರೆದೊಯ್ದವು. ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿಯೊಳಗೆ ಮೂಳೆ ಕೈಗೆ ತಾಗಿತು.

"ಊಟ ಮಾಡ್ತೀಯೋ ಇಲ್ವೋ?" ಅವಳು ಅಳುತ್ತಲೇ ಕೇಳಿದಳು.

"ಯಾವಾಗಲಾದ್ರೂ."

ಸಾಲಿಗೆ ಫೋನ್ ಮಾಡಿದರು. ಅವನು ಬೈಕಿನಲ್ಲಿ ಬಂದು, ಕಾರನ್ನೂ ಇಬ್ಬರ ಕೆಂಪಾದ ಕಣ್ಣುಗಳನ್ನೂ ನೋಡಿದ.

"ಅಯ್ಯೋ ನ್ಯಾಬೋ, ಬೇರೆ ಕಾರು ಕೊಡ್ತೀನಿ. ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?"

ಮಧ್ಯಾಹ್ನ ಅಂಗಳಕ್ಕೆ ವಾಪಸು ಬಂದಾಗ ಕಿಸೆಂಬೊ ಅಂದ, "ಇವತ್ತು ಸಾಕು. ನೀನು ದಣಿದಿದ್ದೀಯ. ಇನ್ನೊಂದು ದಿನ ನೋಡೋಣ."

"ಇಲ್ಲ," ಎಂದಳು ಕಬೊನೆಸಾ.

ಅವಳು ಒಬ್ಬಳೇ ಸಾಲುಗಳ ನಡುವೆ ನಡೆದಳು. ಹಿಂದಿನ ಸಾಲಿನಲ್ಲಿ ಮಾಸಿದ ಕಂದು ಬಣ್ಣದ ಒಂದು ಕಾರು. ಬಂಪರ್ ತರಚಿತ್ತು, ಒಂದು ಬಾಗಿಲಿನಲ್ಲಿ ತಗ್ಗು. ಬೆಳಗ್ಗೆ ಯಾರೂ ಅದರ ಕಡೆ ನೋಡಿರಲಿಲ್ಲ. ಅವಳೇ ಬಾನೆಟ್ ತೆಗೆಸಿದಳು, ಎಣ್ಣೆಯ ಕಡ್ಡಿ ಎಳೆದು ಮೂಸಿದಳು. ಕೂತು ಹೊರಡಿಸಿದಳು, ಹಿಂದಕ್ಕೆ ಹಾಕಿದಳು.

"ಹತ್ತು, ಅರಾಲಿ."

ಈ ಸಲ ದಾರಿ ಹೇಳಿದವನು ಅವನಲ್ಲ. ಅವಳೇ ಸುತ್ತಿದಳು, ಇಂಜಿನ್ ಚೆನ್ನಾಗಿ ಕಾಯುವವರೆಗೆ. ಆಮೇಲೆ ನಗುರು ಏರಿಗೆ ತಿರುಗಿಸಿದಳು. ಕಿಸೆಂಬೊ ಅವಳ ಮುಖ ನೋಡಿದ, ಬೇಡ ಅನ್ನಲಿಲ್ಲ.

ಅದೇ ಮೋಟುಗೋಡೆಯ ಹತ್ತಿರ ನಿಲ್ಲಿಸಿದಳು. ಸ್ಟೀರಿಂಗ್ ಹಿಡಿದು ಎಕ್ಸಿಲರೇಟರ್ ಒತ್ತಿದಳು.

ಕಾರು ಸದ್ದಿಲ್ಲದೆ ಮೇಲೆ ಹೋಯಿತು.

ಗುಡ್ಡದ ನೆತ್ತಿಯಲ್ಲಿ ಅವಳು ಕಾರು ನಿಲ್ಲಿಸಿದಳು. ಕೆಳಗೆ ಕಂಪಾಲಾ ಬೂದು ಬಣ್ಣದ ಹೊಗೆಯಲ್ಲಿ ಮುಳುಗಿತ್ತು. ಅವಳಿಗೆ ಸಂತೋಷವೇನೂ ಆಗಲಿಲ್ಲ. ಎರಡು ವರ್ಷದ ಕೆಳಗೆ ಇಂಥದೊಂದು ಕಾರು ಅಂಗಳದಲ್ಲಿ ಇದ್ದಿದ್ದರೆ... ಆ ಯೋಚನೆಯನ್ನು ಮುಂದುವರಿಸಲು ಧೈರ್ಯ ಬರಲಿಲ್ಲ.

"ಹೇಗಿದೆ?" ಕಿಸೆಂಬೊ ಮೆಲ್ಲಗೆ ಕೇಳಿದ.

"ನೀನು ಹೇಳು."

"ನೀನು ಆರಿಸಿದ್ದು. ನೀನೇ ಹೇಳು."

"ಇದೇ ಇರಲಿ," ಎಂದಳು.

ಮುಂದಿನ ಭಾನುವಾರ ಕಬೊನೆಸಾ ಅದೇ ಕಾರಿನಲ್ಲಿ ಫೋರ್ಟ್ ಪೋರ್ಟಲ್‌ಗೆ ಹೊರಟಳು. ಅಕೀಕಿಯನ್ನು ಮಣ್ಣು ಮಾಡಿದ್ದು ಕಿಸೆಂಬೊನ ತಂದೆಯ ಬಾಳೆತೋಟದಲ್ಲಿ. ಗಂಡನ ಮನೆ ಬಿಟ್ಟ ಮೇಲೆ ಅವಳು ಆ ತೋಟಕ್ಕೆ ಕಾಲಿಟ್ಟಿರಲಿಲ್ಲ. ಜೊತೆಗೆ ಬಾ ಎಂದು ಅವಳೇ ಅವನನ್ನು ಕರೆದಿದ್ದಳು.

ಮುಬೆಂಡೆಯಲ್ಲಿ ನಿಲ್ಲಿಸಿ ಸುಟ್ಟ ಬಾಳೆಹಣ್ಣು ಕೊಂಡರು. ಅವನು ಒಂದು ತಿಂದ. ಅವಳು ಇನ್ನೊಂದು ಕೈಗಿಟ್ಟಳು. ಅದನ್ನು ಹಿಡಿದುಕೊಂಡೇ ಸೀಟಿಗೆ ತಲೆ ಒರಗಿಸಿ ನಿದ್ದೆ ಹೋದ. ಚಹಾ ತೋಟಗಳು ಶುರುವಾದರೂ ಏಳಲಿಲ್ಲ. ಅವಳು ಎಬ್ಬಿಸಲಿಲ್ಲ.

ತೋಟದಲ್ಲಿ ಸಮಾಧಿಯ ಸುತ್ತ ಒಂದು ಕಳೆಯೂ ಇರಲಿಲ್ಲ. ಮಣ್ಣು ಮೊನ್ನೆ ಮೊನ್ನೆ ಕೆದಕಿದಂತಿತ್ತು.

"ಯಾರು ನೋಡ್ಕೊಳ್ತಾರೆ?"

"ನಾನೇ. ರಜೆ ಸಿಕ್ಕಾಗೆಲ್ಲ ಬರ್ತೀನಿ."

"ಬಂದು?"

"ಕೂತ್ಕೋತೀನಿ. ನಿನ್ನ ವಿಷಯ ಹೇಳ್ತೀನಿ ಅವಳಿಗೆ. ಬಗುಮನ್ನ ಕೇಳಿ ತಿಳ್ಕೊಂಡಿದ್ದು. ಅಮ್ಮನಿಗೆ ಬಡ್ತಿ ಸಿಕ್ತು, ಅಮ್ಮ ಕಾರು ಕಲೀತಿದ್ದಾಳೆ ಅಂತ."

ಕಬೊನೆಸಾ ಮಣ್ಣಿನ ಮೇಲೆ ಕುಳಿತಳು. ಅವನೂ ಕುಳಿತ. ಇಬ್ಬರೂ ಮಗಳ ಬಗ್ಗೆ ಮಾತಾಡಿದರು. ಅವಳ ಮುರಿದ ಹಲ್ಲು, ಅವರೆಕಾಳಿನ ಪಲ್ಯ ಕಂಡರೆ ಮುಖ ಸಿಂಡರಿಸುತ್ತಿದ್ದದ್ದು, ಕೋಳಿಗೆ ಹೆದರುತ್ತಿದ್ದದ್ದು. ಒಮ್ಮೆ ನಕ್ಕರು. ನಕ್ಕದ್ದಕ್ಕೆ ಮತ್ತೆ ಅತ್ತರು. ಮೋಡ ಬೆಟ್ಟದಿಂದ ಕೆಳಗಿಳಿದು ಬಾಳೆಯೆಲೆಗಳನ್ನು ಮುಚ್ಚಿತು.

ಹೊರಡುವ ಹೊತ್ತಿಗೆ ಕಿಸೆಂಬೊ ಅವಳ ಕೈ ಹಿಡಿದ.

"ಆ ಬೆಟ್ಟದ ಶಾಲೆಗೆ ನೀನು ಹೋಗು, ಅಮೂಟಿ. ನಾನು ಬೇಡ ಅನ್ನಲ್ಲ. ಆದರೆ ನನಗೆ ನೀನಿಲ್ಲದೆ ಆಗಲ್ಲ. ಇದನ್ನ ಅವತ್ತೇ ಹೇಳಬೇಕಿತ್ತು."

"ಹೂಂ. ಅವತ್ತೇ ಹೇಳಬೇಕಿತ್ತು."

"ಈಗ ಹೇಳಿದ್ರೆ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ನನಗೆ ಹೇಳಿದ್ರೆ ಸಾಲದು. ಅಪ್ಪನ ಮನೆಗೆ ಬಂದು ಕೇಳು. ಎಲ್ಲರ ಮುಂದೆ."

"ಬರ್ತೀನಿ. ಮೇಕೆ ತರ್ತೀನಿ, ಬೀರು ತರ್ತೀನಿ." ಅವನು ತಲೆ ಕೆರೆದುಕೊಂಡ. "ನಿಮ್ಮಮ್ಮ ಬಾಗಿಲಲ್ಲೇ ನಿಲ್ಲಿಸ್ತಾರೆ ನನ್ನ."

"ನಿಲ್ಲಿಸ್ತಾಳೆ."

"ಬಹಳ ಹೊತ್ತು ನಿಲ್ಲಿಸಬಹುದು."

"ನಿಲ್ಲು," ಎಂದಳು ಕಬೊನೆಸಾ, ಅವನ ಭುಜಕ್ಕೆ ಹಣೆಯಿಟ್ಟು. "ಒಳಗೆ ನಾನಿರ್ತೀನಿ."